ದಾರಿ ಹೇಳಬೇಡಿ, ಊರು ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಎಂಸಿಎ ಹುಡುಗರಿಗೆ ಒಂದು ಪೇಪರ್ ತಗೊಳ್ಳುತ್ತೇನೆ. ಮಾಡೆಲಿಂಗ್ ಮತ್ತು ಪ್ರೋಗ್ರಾಮಿಂಗಿನ ಬೇರೆ ದಾರಿಗಳು ಅಂತ ಅದರ ಹೆಸರು. ಮಾಡೆಲಿಂಗ್ ಅಂದರೆ ಹೊರಗಿನ ಒಂದು ಸಂಗತಿಯ ಚಿಕ್ಕ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಪ್ರತಿ ವರ್ಷ ಮೊದಲ ವಾರವೇ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ. "ಸರ್, ಇದ್ರಿಂದ ಬೆಂಗಳೂರಾಗ ಕೆಲಸ ಸಿಗ್ತದೇನ್ರಿ?" ನ್ಯಾಯವಾದ ಪ್ರಶ್ನೆ. ಉತ್ತರ ಆಮೇಲೆ ಹೇಳುತ್ತೇನೆ.

ನಮ್ಮ ಮಕ್ಕಳು ಕಲಿಯುವ ಪ್ರೋಗ್ರಾಮಿಂಗ್ ಬಹುಪಾಲು ಒಂದೇ ತರಹದ್ದು. ಸಿ ಇರಲಿ, ಜಾವಾ ಇರಲಿ, ಮೊದಲು ಇದು ಮಾಡು, ಆಮೇಲೆ ಅದು ಮಾಡು, ಹತ್ತು ಸಲ ತಿರುಗಿಸು, ನಿಲ್ಲು. ಸ್ಟೇಷನ್ನಿನಲ್ಲಿ ಆಟೊ ಹತ್ತಿ, ಡ್ರೈವರಿಗೆ ಇಲ್ಲಿ ಎಡಕ್ಕೆ ಹೋಗು, ಆ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗು ಅಂತ ದಾರಿಯುದ್ದಕ್ಕೂ ಹೇಳುತ್ತಾ ಹೋದ ಹಾಗೆ. ಶರಣಬಸವೇಶ್ವರ ಗುಡಿಗೆ ಬಿಡಪ್ಪಾ ಅಂದರೆ ಸಾಕಲ್ವಾ? ಹಾಗೆ ಹೇಳುವುದಕ್ಕೂ ಕಂಪ್ಯೂಟರಿನಲ್ಲಿ ಭಾಷೆಗಳಿವೆ.

ಇದು ಸುಮ್ನೆ ಯಾರೋ ತಕರಾರಿಗೆ ಎತ್ತಿದ ಮಾತಲ್ಲ. 1957ರಲ್ಲಿ ಐಬಿಎಂ ಕಂಪನಿಯಿಂದ ಫೋರ್ಟ್ರಾನ್ ಭಾಷೆ ಬಂತು. ಹೆಜ್ಜೆಹೆಜ್ಜೆಗೆ ಅಪ್ಪಣೆ ಕೊಡುವ ಭಾಷೆಗಳಲ್ಲಿ ಅದೇ ಹಿರಿಯಣ್ಣ. ಅದನ್ನು ಕಟ್ಟಿದ ತಂಡದ ಮುಖ್ಯಸ್ಥ ಜಾನ್ ಬ್ಯಾಕಸ್. 1977ರಲ್ಲಿ ಆತನಿಗೆ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿ ಭಾಷಣಕ್ಕೆ ನಿಂತವನು, ಈ ಶೈಲಿಯಿಂದ ನಮಗೆ ಬಿಡುಗಡೆ ಇದೆಯಾ ಅಂತಲೇ ಕೇಳಿಬಿಟ್ಟ. ನನಗೆ ಆ ಮನುಷ್ಯನ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಬೇರೆ ದಾರಿಗಳಲ್ಲಿ ಒಂದು ಪ್ರೊಲಾಗ್. 1972ರಲ್ಲಿ ಫ್ರಾನ್ಸಿನ ಮಾರ್ಸೇ ಊರಿನಲ್ಲಿ ಅಲೆನ್ ಕೋಲ್ಮರೋವೆರ್ ಮತ್ತು ಸಂಗಡಿಗರು ಕಟ್ಟಿದ ಭಾಷೆ. ಇದರಲ್ಲಿ ಅಪ್ಪಣೆ ಕೊಡುವುದಿಲ್ಲ. ಗೊತ್ತಿರುವುದನ್ನು ಹೇಳಿ, ಬೇಕಾದ್ದನ್ನು ಕೇಳುತ್ತೇವೆ. ತರಗತಿಯಲ್ಲಿ ನಾನು ನೆಂಟಸ್ತಿಕೆಯಿಂದಲೇ ಶುರು ಮಾಡುತ್ತೇನೆ. ಗಂಗಮ್ಮ ಶಿವುವಿನ ತಾಯಿ. ಮಲ್ಲಣ್ಣ ಗಂಗಮ್ಮನ ಅಣ್ಣ. ಆಮೇಲೆ ಒಂದು ನಿಯಮ: ತಾಯಿಯ ಅಣ್ಣನೋ ತಮ್ಮನೋ ಆದವನು ಸೋದರಮಾವ. ಅಷ್ಟೇ ಪ್ರೋಗ್ರಾಮ್. ಶಿವುವಿಗೆ ಸೋದರಮಾವ ಯಾರು ಅಂತ ಕೇಳಿದರೆ ಮಲ್ಲಣ್ಣ ಅನ್ನುತ್ತದೆ. ಮಲ್ಲಣ್ಣ ಯಾರಿಗೆಲ್ಲ ಸೋದರಮಾವ ಅಂತ ತಿರುಗಿಸಿ ಕೇಳಿ, ಅದಕ್ಕೂ ಉತ್ತರ ಬರುತ್ತದೆ. ಒಂದಕ್ಷರ ಬದಲಿಸಬೇಕಿಲ್ಲ. ಜಾವಾದಲ್ಲಾದರೆ ಈ ಎರಡು ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಪ್ರೋಗ್ರಾಮ್ ಬರೆಯಬೇಕು.

ನಮ್ಮ ಕಡೆ ಅಕ್ಕನ ಮಗಳನ್ನೇ ಮದುವೆಯಾದವರು ಬೇಕಾದಷ್ಟು ಜನ ಇದ್ದಾರೆ. ಮಲ್ಲಣ್ಣನೂ ಹಾಗೇ ತನ್ನ ಇನ್ನೊಬ್ಬ ಅಕ್ಕನ ಮಗಳನ್ನು ಮದುವೆಯಾದ ಅಂತ ಸೇರಿಸಿ, ಆ ಹುಡುಗಿಗೆ ಅವನು ಏನಾಗಬೇಕು ಅಂತ ಕೇಳಿದರೆ ಪ್ರೊಲಾಗ್ ಗಲಿಬಿಲಿಯಾಗುವುದಿಲ್ಲ. ಮೊದಲು ಸೋದರಮಾವ ಅನ್ನುತ್ತದೆ. ಇನ್ನೂ ಇದೆಯಾ ಅಂದರೆ ಗಂಡ ಅನ್ನುತ್ತದೆ. ತರಗತಿ ನಗುತ್ತದೆ, ಪಾಠ ಮನಸ್ಸಿನಲ್ಲಿ ಕೂರುತ್ತದೆ.

ಆದರೆ ಇದಕ್ಕೊಂದು ಕಠಿಣ ಸ್ವಭಾವ ಇದೆ. ನಾವು ಬರೆಯದೇ ಇದ್ದದ್ದು ಅದರ ಲೆಕ್ಕಕ್ಕೆ ಇಲ್ಲವೇ ಇಲ್ಲ. ಗಂಗಮ್ಮನ ತಮ್ಮನ ಹೆಸರು ಸೇರಿಸುವುದು ಮರೆತಿರಾ? ಅವನು ಸೋದರಮಾವನಾ ಅಂತ ಕೇಳಿ ನೋಡಿ. ಗೊತ್ತಿಲ್ಲ ಅನ್ನುವುದಿಲ್ಲ, ಅಲ್ಲ ಅಂತಲೇ ಹೇಳುತ್ತದೆ. ಏನು ಸೇರಿಸಿದೆವು, ಏನು ಬಿಟ್ಟೆವು ಅನ್ನುವುದು ನಮ್ಮ ತಲೆನೋವು. ಮಾಡೆಲಿಂಗ್ ಅಂದರೆ ನನ್ನ ಪ್ರಕಾರ ಬಹುಮಟ್ಟಿಗೆ ಈ ತಲೆನೋವೇ.

ಅದನ್ನು ತೋರಿಸಲು ತೊಗರಿ ಹೊಲಕ್ಕೆ ಹೋಗುತ್ತೇವೆ, ಸ್ಕ್ರೀನಿನ ಮೇಲೆ. ನೆಟ್‌ಲೋಗೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅಮೆರಿಕದ ಯೂರಿ ವಿಲೆನ್ಸ್ಕಿ 1999ರಲ್ಲಿ ತಂದದ್ದು. ಇದರಲ್ಲಿ ಇಡೀ ಹೊಲಕ್ಕೆ ಯಾರೂ ಏನೂ ಹೇಳುವುದಿಲ್ಲ. ಒಂದೊಂದು ಚೌಕ ಒಂದೊಂದು ಗಿಡ. ಒಂದೊಂದು ಗಿಡಕ್ಕೂ ಒಂದೇ ನಿಯಮ: ನಾಲ್ಕು ಪಕ್ಕದ ಯಾವುದಾದರೂ ಗಿಡಕ್ಕೆ ರೋಗ ಬಂದಿದ್ದು, ನಿನಗೆ ತಡೆಯುವ ಶಕ್ತಿ ಇಲ್ಲದಿದ್ದರೆ, ನಿನಗೂ ರೋಗ. ಒಂದು ಬದಿಯ ಅಂಚಿನಲ್ಲಿ ರೋಗ ಹಚ್ಚಿ ಬಿಡುತ್ತೇವೆ. ನೂರಕ್ಕೆ 50 ಗಿಡ ದುರ್ಬಲವಾಗಿದ್ದರೆ ರೋಗ ಅಂಚಿನ ಹತ್ತಿರವೇ ಸತ್ತುಹೋಗುತ್ತದೆ. 55ಕ್ಕೆ ಸ್ವಲ್ಪ ಒಳಗೆ ಬಂದು ನಿಲ್ಲುತ್ತದೆ. 63 ಮಾಡಿ ನೋಡಿ, ಹೊಲ ದಾಟಿ ಆಚೆ ಬದಿಗೆ ಮುಟ್ಟಿರುತ್ತದೆ. ಹುಡುಗರು ರೋಗ ನಿಧಾನಕ್ಕೆ ಏರುತ್ತಾ ಹೋಗುತ್ತದೆ ಅಂದುಕೊಂಡಿರುತ್ತಾರೆ. ಹಾಗಲ್ಲ. ಸುಮಾರು 59ರ ಹತ್ತಿರ ಒಂದು ಗಡಿ ಇದೆ, ಅದು ದಾಟಿದರೆ ಕಥೆಯೇ ಬೇರೆ. ಆ 59 ಅನ್ನುವ ಅಂಕಿಯನ್ನು ನಾವು ಎಲ್ಲೂ ಬರೆದಿಲ್ಲ. ಪಕ್ಕದ ಗಿಡ ನೋಡುವ ಆ ಒಂದೇ ನಿಯಮದಿಂದ ತಾನಾಗಿ ಹುಟ್ಟಿದ್ದು.

ಇಷ್ಟು ತೋರಿಸಿ ನಾನು ಸುಮ್ಮನೆ ನಿಲ್ಲುತ್ತೇನೆ, ಯಾರಾದರೂ ಜಗಳಕ್ಕೆ ಬರಲಿ ಅಂತ. ಅಫಜಲಪುರ ಕಡೆಯ ಒಕ್ಕಲುತನದ ಮನೆಯ ಹುಡುಗಿ ಎದ್ದಳು. "ಸರ್, ನೆಟೆ ರೋಗ ಹಿಂಗ ಬರಂಗಿಲ್ರಿ. ಅದು ಮಣ್ಣಾಗೇ ಇರ್ತದ." ಸರಿಯಾಗಿ ಹಿಡಿದಳು. ಬೇಕಂತಲೇ ನಾನು ಮಣ್ಣನ್ನು ಬಿಟ್ಟಿರುತ್ತೇನೆ. ಗಿಡವನ್ನು ಬಾಡಿಸಿ ಒಣಗಿಸುವ ನೆಟೆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಬೆಳೆ ಕೊಯ್ದ ಮೇಲೂ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾದರೆ ಗಿಡಕ್ಕಲ್ಲ, ಚೌಕಕ್ಕೇ ನೆನಪು ಕೊಡಬೇಕು. ಕೊಟ್ಟ ಮೇಲೆ ಹೊಸ ಪ್ರಶ್ನೆಗಳು ಬರುತ್ತವೆ. ನಡುವೆ ಜೋಳ ಹಾಕಿದರೆ? ಜೋಳದ ಜೊತೆ ಬೆಳೆದರೆ ನೆಟೆ ರೋಗ ಕಡಿಮೆಯಾಗುತ್ತದೆ ಅಂತ ಹೊಲದ ಪ್ರಯೋಗಗಳಲ್ಲೇ ಕಂಡಿದೆ. ಎಲ್ಲ ಕಡೆ ಮಾರುತಿ ತಳಿ ಹಾಕಿದರೆ? 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ, ನೆಟೆ ರೋಗ ತಡೆಯುವ ತಳಿ ಅದು. ಕೇಳುತ್ತಿರುವ ರೈತರಿಗೆ ಒಂದು ಮಾತು: ನಮ್ಮ ಸ್ಕ್ರೀನ್ ನಂಬಿ ಬಿತ್ತನೆ ಬದಲಿಸಬೇಡಿ. ಅದಕ್ಕೆ ಕೃಷಿ ವಿಜ್ಞಾನ ಕೇಂದ್ರದವರಿದ್ದಾರೆ.

ಈಗ ಕೆಲಸದ ಪ್ರಶ್ನೆ. ಪ್ರೊಲಾಗ್ ಬರುತ್ತಾ ಅಂತ ಇಂಟರ್‌ವ್ಯೂನಲ್ಲಿ ಕೇಳುವವರು ಅಪರೂಪ, ಸುಳ್ಳು ಯಾಕೆ ಹೇಳಲಿ. ಎಸ್‌ಕ್ಯುಎಲ್ ಬರುತ್ತಾ ಅಂತ ಕೇಳದವರೂ ಅಷ್ಟೇ ಅಪರೂಪ. ಡೇಟಾಬೇಸಿನಿಂದ ಮಾಹಿತಿ ಕೇಳುವ ಆ ಭಾಷೆಯೂ ಇದೇ ಜಾತಿಯದು. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮುಂದಿಟ್ಟ ವಿಚಾರದ ಮೇಲೆ ನಿಂತಿದೆ. ಏನು ಬೇಕು ಅಂತ ಹೇಳುತ್ತೇವೆ, ಹೇಗೆ ಹುಡುಕಬೇಕು ಅನ್ನುವುದು ಅದರ ಪಾಡು. ಇನ್ನು ಎಕ್ಸೆಲ್. ನಮ್ಮ ದಾಲ್ ಮಿಲ್ಲಿನ ಲೆಕ್ಕದವರು ಕ್ವಿಂಟಲ್ ದರ ಒಂದು ಕಡೆ ತಿದ್ದಿದರೆ ಕೆಳಗಿನ ಮೊತ್ತವೆಲ್ಲ ತಾನಾಗಿ ಬದಲಾಗುತ್ತದೆ. ಅವರೂ ಪ್ರೋಗ್ರಾಮರುಗಳೇ, ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೇ.

ಪರೀಕ್ಷೆಗಿಂತ ಹೆಚ್ಚಾಗಿ ನಾನು ಪ್ರಾಜೆಕ್ಟ್ ನೋಡುತ್ತೇನೆ. ತಮ್ಮ ಊರಿನ ಒಂದು ಸಂಗತಿ ತಗೊಂಡು ಮಾಡೆಲ್ ಮಾಡಬೇಕು. ಜೊತೆಗೆ ಒಂದು ಹಾಳೆಯಲ್ಲಿ ಏನೇನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಬರೆಯಬೇಕು. ಆ ಹಾಳೆಗೇ ಮಾರ್ಕ್ಸ್ ಜಾಸ್ತಿ. ಬೀದರಿನ ಹುಡುಗನೊಬ್ಬ ನೌಬಾದಿನ ಸುರಂಗ ಬಾವಿ ತಗೊಂಡಿದ್ದಾನೆ, ಬಹಮನಿ ಕಾಲದಲ್ಲಿ ನೆಲದಡಿ ಕೊರೆದ ನೀರಿನ ದಾರಿ ಅದು. ಯಾದಗಿರಿಯವನು ನಾರಾಯಣಪುರ ಎಡದಂಡೆ ಕಾಲುವೆ ತಗೊಂಡಿದ್ದಾನೆ. ಮೇಲ್ಭಾಗದವರೆಲ್ಲ ತಮ್ಮ ಪಾಳಿಯಲ್ಲೇ ನೀರು ತಗೊಂಡರೆ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದಾ ಅನ್ನುವುದು ಅವನ ಪ್ರಶ್ನೆ. ಸ್ಕ್ರೀನಿನ ಮೇಲೆ ಚೆನ್ನಾಗಿಯೇ ಮುಟ್ಟಿತು. ಬಿಟ್ಟದ್ದರ ಹಾಳೆಯಲ್ಲಿ ಮೊದಲ ಸಾಲೇ ಹೀಗಿತ್ತು: ರಾತ್ರಿ ಕದ್ದು ಗೇಟ್ ಎತ್ತುವವರನ್ನು ಸೇರಿಸಿಲ್ಲ. ಅವರನ್ನೂ ಸೇರಿಸಿಕೊಂಡು ಬಾ ಅಂತ ವಾಪಸ್ ಕಳಿಸಿದ್ದೇನೆ.

ನಮಸ್ಕಾರ.