ನಿಂತ ಕಾರಿನ ಡಿಸ್ಕು, ಕಡಲ ಉಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ರಾತ್ರಿ ಮಳೆ ಹೊಯ್ದು ಬೆಳಿಗ್ಗೆ ಚಕ್ರದ ಸಂದಿಯಲ್ಲಿ ಇಣುಕಿದರೆ ಬ್ರೇಕ್ ಡಿಸ್ಕ್ ಕೆಂಪಗೆ ತುಕ್ಕು ಹಿಡಿದಿರುತ್ತದೆ. ಅದಕ್ಕೆ ಗಾಬರಿಯಾಗಬೇಡಿ. ಚಕ್ರದ ಜೊತೆ ತಿರುಗುವ ಈ ಡಿಸ್ಕ್ ಎರಕದ ಕಬ್ಬಿಣದ್ದು, ಬ್ರೇಕ್ ಒತ್ತಿದಾಗ ಅದನ್ನು ಅಮುಕಿ ಹಿಡಿಯುವ ಪ್ಯಾಡ್ ಉಜ್ಜುವ ಮೈಗೆ ಬಣ್ಣ ಬಳಿಯಲು ಬರುವುದಿಲ್ಲ. ರಸ್ತೆಗಿಳಿದು ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಆ ತುಕ್ಕು ಹೋಗುತ್ತದೆ. ಇವತ್ತಿನ ಮಾತು, ಒತ್ತಿದರೂ ಹೋಗದ ತುಕ್ಕಿನದು.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ನೋಡಿದ್ದೀರಿ. ಗಾಳಿಯ ತೇವ ನೂರಕ್ಕೆ 75ರ ಆಸುಪಾಸು ದಾಟಿತೆಂದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದಕ್ಕೆ ಅಷ್ಟು ತೇವವೂ ಬೇಡ. ಕಾರವಾರ, ಮಾಜಾಳಿ, ಅಂಕೋಲಾ, ಹೊನ್ನಾವರದ ಗಾಳಿಯಲ್ಲಿ ಬಂದು ಡಿಸ್ಕಿನ ಮೇಲೆ ಕೂರುವ ಉಪ್ಪು ಮಾಡುವುದೂ ಇದನ್ನೇ. ಕಾರನ್ನು ಮಾಡಿನಡಿ ನಿಲ್ಲಿಸಿ ಮಳೆ ತಪ್ಪಿಸಿದರೂ ಡಿಸ್ಕ್ ಪೂರ್ತಿ ಒಣಗುವುದಿಲ್ಲ. ಘಟ್ಟದ ಮೇಲಿನ ಶಿರಸಿಯಲ್ಲಿ ಮಳೆಗೇನು ಕಡಿಮೆಯಿಲ್ಲ, ಆದರೆ ಅಲ್ಲಿ ಈ ಉಪ್ಪಿನ ಕಾಟವಿಲ್ಲ.

ಹೀಗಾಗಿ ಇಲ್ಲಿ ಕರಾವಳಿಯಲ್ಲಿ ಎಷ್ಟೋ ಡಿಸ್ಕುಗಳು ಓಡಿ ಸವೆಯುವುದಕ್ಕಿಂತ ಮೊದಲೇ ನಿಂತು ಹಾಳಾಗುತ್ತವೆ. ಎರಡು ಮೂರು ವಾರ ನಿಂತ ಕಾರಿನಲ್ಲಿ ಪ್ಯಾಡಿನಡಿಯ ಜಾಗ ತೇವ ಹಿಡಿದುಕೊಂಡು, ಪ್ಯಾಡಿನದೇ ಆಕಾರದಲ್ಲಿ ಡಿಸ್ಕ್ ಗುಳಿ ಬೀಳುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ, ಚಕ್ರ ಒಂದು ಸುತ್ತು ಬಂದಾಗಲೆಲ್ಲ, ಪೆಡಲ್ ಕಾಲಡಿಗೆ ಮಿಡಿಯುತ್ತದೆ.

ಕಾರು ತೊಳೆದು ಹಾಗೇ ನಿಲ್ಲಿಸುವುದು ತೀರಾ ಕೆಟ್ಟ ರೂಢಿ. ಸಮುದ್ರದ ಬದಿ ನಿಲ್ಲಿಸಿ ಬಂದ ದಿನ ಚಕ್ರಗಳಿಗೆ ಸಿಹಿನೀರು ಹೊಡೆಯಿರಿ, ಆದರೆ ಡಿಸ್ಕ್ ಬಿಸಿಯಿರುವಾಗ ಬೇಡ. ತೊಳೆದ ಮೇಲೆ ಎರಡು ಕಿಲೋಮೀಟರ್ ಓಡಿಸಿ, ಐದಾರು ಸಲ ಬ್ರೇಕ್ ಹಿಡಿದು, ಆ ಕಾವಿಗೆ ಒಣಗಿಸಿ ನಿಲ್ಲಿಸಿ. ಬಹಳ ದಿನ ನಿಲ್ಲಿಸುವುದಾದರೆ ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಎಳೆದಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಅದರೊಳಗೆ ಉಜ್ಜುವ ಶೂ ಅಂಟಿಕೊಳ್ಳುತ್ತದೆ. ನೆಲದವರೆಗೆ ತಾಡಪತ್ರೆ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಎಂಟು ಹತ್ತು ಕಿಲೋಮೀಟರ್ ಓಡಿಸುವವರಿದ್ದರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇನ್ನು ಪರೀಕ್ಷೆ. ಹೊರಮೈ ಹೊಳೆಯುತ್ತದೆಂದು ನಂಬಬೇಡಿ. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಒಳಮೈ ನೋಡಿ. ಬಹುತೇಕ ಸಣ್ಣ ಕಾರುಗಳ ಮುಂದಿನ ಕ್ಯಾಲಿಪರಿಗೆ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳಕ್ಕೆ, ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡ್ ತಳ್ಳುತ್ತದೆ, ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡ್ ಎಳೆಯುತ್ತದೆ. ಪಿನ್ನಿನ ಮುಸುಕಾದ ರಬ್ಬರ್ ಬೂಟು ಹರಿದು ನೀರು ಹೊಕ್ಕು ಪಿನ್ ಹಿಡಿದುಕೊಂಡರೆ ಒಳಗಿನ ಪ್ಯಾಡ್ ಬೇಗ ಸವೆಯುತ್ತದೆ, ಹೊರಮೈ ತುಕ್ಕಾಗುತ್ತದೆ. ಒಳಗಿನ ಪ್ಯಾಡಿನ ಕಿವಿ, ಅಂದರೆ ತುದಿಯ ಚಾಚು, ಅದು ಕೂರುವ ಬ್ರಾಕೆಟ್ಟಿನಲ್ಲಿ ಸಿಕ್ಕಿಕೊಂಡರೆ ಒಳಮೈ ಕೊಳೆಯುತ್ತದೆ, ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಅಳೆಯಲು ಮೈಕ್ರೋಮೀಟರ್ ಬೇಕು. ವರ್ನಿಯರಿನ ದವಡೆ ಅಂಚಿನ ತುಕ್ಕಿನ ದಿಂಡಿಗೆ ತಾಗಿ ದಪ್ಪ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. ಸುತ್ತಲೂ ನಾಲ್ಕಾರು ಕಡೆ ಅಳೆಯಿರಿ. ಆದರೆ ಗಾಳಿಗಂಡಿಯ, ಅಂದರೆ ನಡುವೆ ಗಾಳಿಯಾಡಲು ಸಂದಿಯಿರುವ ಡಿಸ್ಕಿನಲ್ಲಿ ದಪ್ಪ ಸರಿಯಿದ್ದರೂ ಸಾಲದು. ಎರಡು ಬಿಲ್ಲೆಗಳ ನಡುವಿನ ರೆಕ್ಕೆಗಳು ತುಕ್ಕಿಗೆ ಪದರಪದರವಾಗಿ ಉದುರುತ್ತಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಚೂರುಗಳು ಎದ್ದು ಬಂದರೆ, ಬಿರುಕು ಕಂಡರೆ, ಲೇತಿಗೆ ಕಟ್ಟಿ ಮೈ ಕೆತ್ತಿಸುವ ಮಾತೇ ಬೇಡ, ಬದಲಿಸಿ. ಅದೂ ಎಡಬಲ ಎರಡನ್ನೂ.

ಡಿಸ್ಕ್ ಮಾತ್ರ ಬದಲಿಸಿ ಪಿನ್ನನ್ನು ಹಾಗೇ ಬಿಟ್ಟರೆ ಹೊಸ ಡಿಸ್ಕಿಗೂ ಅದೇ ಗತಿ. ಪಿನ್ ತೆಗೆದು ಒರೆಸಿ. ಗುಳಿ ಬಿದ್ದಿದ್ದರೆ ಹೊಸದು ಹಾಕಿ, ಹರಿದ ಬೂಟನ್ನೂ ಬದಲಿಸಿ. ಬ್ರೇಕ್ ಪಿನ್ನಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಮಾಮೂಲಿ ಗ್ರೀಸಿಗೆ ಬೂಟಿನ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಬ್ರಾಕೆಟ್ಟಿನ ಸ್ಟೀಲ್ ಕ್ಲಿಪ್ ಕಿತ್ತು, ಅದರಡಿಯ ತುಕ್ಕನ್ನು ತಂತಿ ಬ್ರಶ್‌ನಿಂದ ತೆಗೆಯಿರಿ. ಪ್ಯಾಡ್ ಬೆರಳಿನಿಂದ ತಳ್ಳಿದರೆ ಜಾರಬೇಕು, ಸುತ್ತಿಗೆ ಬೇಕಾದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಡಿಸ್ಕ್ ಕೂರುವ ಹಬ್ಬಿನ ಮುಖವನ್ನೂ ಉಜ್ಜಿ. ಅಲ್ಲಿ ಉಳಿದ ತುಕ್ಕಿನ ಒಂದು ಸಣ್ಣ ಚಕ್ಕೆಯೂ ಡಿಸ್ಕಿನ ಅಂಚನ್ನು ಓಲಾಡಿಸುತ್ತದೆ. ಎಷ್ಟೋ ಕಾರುಗಳಲ್ಲಿ ಈ ಓಲಾಟಕ್ಕೆ ಇರುವ ಅವಕಾಶ ಮಿಲಿಮೀಟರಿನ ನೂರರಲ್ಲಿ ಐದು ಪಾಲು ಮಾತ್ರ.

ಕೊಳ್ಳುವಾಗ ಜಿಂಕ್ ಲೇಪನದ ಡಿಸ್ಕ್ ಕೇಳಿ. ಪ್ಯಾಡ್ ಉಜ್ಜುವಲ್ಲಿ ಲೇಪನ ಸವೆದು ಹೋಗುತ್ತದೆ, ಆದರೆ ಅಂಚು, ನಡುಭಾಗ, ಗಾಳಿಗಂಡಿಗಳಲ್ಲಿ ಉಳಿಯುತ್ತದೆ. ಕರಾವಳಿಯಲ್ಲಿ ಆ ಹೆಚ್ಚಿನ ದುಡ್ಡು ದಂಡವಲ್ಲ. ಲೇಪನವಿಲ್ಲದ ಡಿಸ್ಕಿಗೆ ಹಚ್ಚಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆದೇ ಕೂರಿಸಿ.

ಜೋಡಿಸಿದ ಮೇಲೆ, ಹೊರಡುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ನೋಡಿ. ಆಮೇಲೆ, ಹೊಸ ಡಿಸ್ಕ್ ಪ್ಯಾಡ್ ಒಂದಕ್ಕೊಂದು ಹೊಂದಿಕೊಳ್ಳಲು, ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುವೆ ಅರ್ಧ ಕಿಲೋಮೀಟರ್ ತಣಿಯಲು ಬಿಟ್ಟು, ಎಂಟು ಹತ್ತು ಸಲ ಮಾಡಿ. ಇದಾಗದೆ, ಹೊಸ ಪ್ಯಾಡಿನಲ್ಲಿ ನೇರ ಶಿರಸಿ ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯಬೇಡಿ.