ಕಣ್ಣಿಗೆ ಕಾಣದ ಓಲೆ

ಕೇಳುಗರೇ, ನಮಸ್ಕಾರ.

ನನ್ನ ಕೈಯಲ್ಲಿ ಈಗ ಒಂದು ಓಲೆ ಇದೆ. ನಾನೇ ಮಾಡಿದ್ದು, ಬೆಳ್ಳಿಯದು. ರೇಡಿಯೊದಲ್ಲಿ ನಿಮಗೆ ಅದು ಕಾಣುವುದಿಲ್ಲ. ಹಾಗಾಗಿ ಹೇಳುತ್ತೇನೆ, ಕೇಳಿ. ಎಲೆಯ ಆಕಾರ. ಹೆಬ್ಬೆರಳಿನ ಉಗುರಿನಷ್ಟು ಅಗಲ. ನಡುವಿನ ನರ ಸ್ವಲ್ಪ ಎದ್ದು ನಿಂತಿದೆ. ಅದರ ಎರಡೂ ಬದಿಗೆ ಸುತ್ತಿಗೆಯ ಸಣ್ಣ ಸಣ್ಣ ಏಟಿನ ಗುರುತು. ಎಲೆಯ ತುದಿಯಲ್ಲಿ ಒಂದು ಹಸಿರು ಹರಳು ತೂಗುತ್ತಿದೆ, ಬೆಂಕಿಕಡ್ಡಿಯ ತಲೆಯಷ್ಟು ದೊಡ್ಡದು. ಹಿಂದೆ ತಿರುಪಿಲ್ಲ, ಕೊಕ್ಕೆ ಇದೆ. ಉದ್ದ 38 ಮಿಲಿಮೀಟರ್. ತೂಕ 4 ಗ್ರಾಂ.

ಈಗ ಸ್ವಲ್ಪವಾದರೂ ಕಣ್ಣ ಮುಂದೆ ಬಂತು, ಅಲ್ವಾ?

ಆನ್‌ಲೈನ್‌ನಲ್ಲಿ ಆಭರಣ ಕೊಳ್ಳುವವರ ಪಾಡು ಹೆಚ್ಚುಕಡಿಮೆ ನಿಮ್ಮದೇ. ಅಂಗಡಿಯಲ್ಲಾದರೆ ಓಲೆ ಎತ್ತಿಕೊಂಡು ಭಾರ ನೋಡುತ್ತಾರೆ, ತಿರುಗಿಸಿ ಹಿಂಬದಿ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಕನ್ನಡಿ ನೋಡುತ್ತಾರೆ. ಆನ್‌ಲೈನ್‌ನಲ್ಲಿ ಕೈಗೆ ಕೆಲಸವೇ ಇಲ್ಲ. ಕೈ ಮಾಡುತ್ತಿದ್ದ ಕೆಲಸವನ್ನೆಲ್ಲ ಫೋಟೊ ಮಾಡಬೇಕು. ಆ ಫೋಟೊದವರೆಗೆ ಅವರನ್ನು ಕರೆತರುವ ಕೆಲಸ ಮಾತು ಮಾಡಬೇಕು. ಫೋಟೊ ಒಂದು ಪಾಠ, ಸರ್ಚ್ ಇನ್ನೊಂದು ಪಾಠ ಎಂದು ನಾನು ಬಹಳ ಕಾಲ ಬೇರೆ ಬೇರೆಯಾಗಿ ಕಲಿಯುತ್ತಿದ್ದೆ. ಎರಡೂ ಒಂದೇ ಎಂದು ತಿಳಿದ ಮೇಲೆ ಕೆಲಸ ಹಗುರವಾಯಿತು.

ಒಡವೆ ಮಾಡಿ ಆನ್‌ಲೈನ್‌ನಲ್ಲಿ ಮಾರುವವರು ನಿಮ್ಮಲ್ಲಿದ್ದರೆ, ಇದು ಅವರಿಗಾಗಿ. ಮೊದಲು ಬೆಳಕಿನ ಮಾತು.

ಒಮ್ಮೆ ಗಿರಾಕಿಯೊಬ್ಬರು ಕೇಳಿದರು, "ಈ ಉಂಗುರದ ಒಳಗೆ ಕೆಂಪು ಗೆರೆ ಇದೆಯಲ್ಲ, ಅದು ಮೀನಾಕಾರಿಯಾ?" ಮೀನಾಕಾರಿ ಎಂದರೆ ಲೋಹದ ಮೇಲೆ ಬಣ್ಣ ತುಂಬುವ ಕೆಲಸ. ನನ್ನ ಉಂಗುರದಲ್ಲಿ ಕೆಂಪು ಎಲ್ಲಿಂದ ಬರಬೇಕು? ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಉಂಗುರದ ಬಾಗಿನಲ್ಲಿ ನಾನು ಉಟ್ಟಿದ್ದ ಕೆಂಪು ಸೀರೆ ಸಣ್ಣ ಗೆರೆಯಾಗಿ ಬಿದ್ದಿತ್ತು. ಪಕ್ಕದಲ್ಲಿ ಕಿಟಕಿಯ ಸರಳು. ಇನ್ನೂ ಹತ್ತಿರ ನೋಡಿದರೆ, ಫೋನ್ ಹಿಡಿದ ನನ್ನ ಕೈಯೂ ಇತ್ತು.

ಬೆಳ್ಳಿ, ಚಿನ್ನ, ಮೆರುಗು ಕೊಟ್ಟ ಹಿತ್ತಾಳೆ ಇವೆಲ್ಲ ಕನ್ನಡಿಯ ಜಾತಿ. ಅವುಗಳ ಫೋಟೊ ತೆಗೆದರೆ ಸುತ್ತಲಿನ ಕೋಣೆಯ ಫೋಟೊವನ್ನೂ ತೆಗೆದ ಹಾಗೆ. ಅದಕ್ಕೇ ಒಡವೆಯನ್ನು ಹೇಗಿಡಬೇಕು ಎನ್ನುವುದಕ್ಕಿಂತ, ಒಡವೆಗೆ ಏನು ಕಾಣಬೇಕು ಎಂದು ಮೊದಲು ಯೋಚಿಸಬೇಕು. ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಮೇಜು ಹಾಕಿ. ಗಾಜಿಗೆ ಬಟರ್ ಪೇಪರ್ ಅಂಟಿಸಿ. ಬೆಳಕು ಅದರಲ್ಲಿ ಸೋಸಿಕೊಂಡು ಬರುತ್ತದೆ, ಚುಚ್ಚುವ ಹೊಳಪು ಹೋಗುತ್ತದೆ. ಎದುರು ಬದಿಗೆ ಒಂದು ಬಿಳಿ ರಟ್ಟು ನಿಲ್ಲಿಸಿ. ನೆರಳಿನ ಕಡೆಗೂ ಬೆಳಕು ತಿರುಗಿ ಬೀಳುತ್ತದೆ. ನೀವೂ ಬಿಳಿ ಅಥವಾ ಬೂದು ಬಣ್ಣದ ಬಟ್ಟೆ ಹಾಕಿಕೊಳ್ಳಿ.

ಆದರೆ ಸುತ್ತ ಎಲ್ಲವೂ ಬಿಳಿಯಾದರೆ ಇನ್ನೊಂದು ತೊಂದರೆ. ಬೆಳ್ಳಿ ಸೀಮೆಸುಣ್ಣದ ಹಾಗೆ ಕಾಣತೊಡಗುತ್ತದೆ, ಅಂಚೇ ಗೊತ್ತಾಗುವುದಿಲ್ಲ. ಇದಕ್ಕೆ ಮದ್ದು ಕಪ್ಪು ಕಾಗದ. ಎರಡು ಬೆರಳಷ್ಟು ಅಗಲದ ಪಟ್ಟಿ ಕತ್ತರಿಸಿ, ಒಡವೆಯ ಪಕ್ಕದಲ್ಲಿ, ಫೋಟೊದ ಚೌಕಟ್ಟಿನಿಂದ ಸ್ವಲ್ಪವೇ ಹೊರಗೆ ನಿಲ್ಲಿಸಿ. ಅದನ್ನು ಮೆಲ್ಲಗೆ ಅತ್ತಿತ್ತ ಜರುಗಿಸುತ್ತಾ ಫೋನಿನ ತೆರೆಯನ್ನೇ ನೋಡುತ್ತಿರಿ. ಒಂದು ಜಾಗಕ್ಕೆ ಬಂದಾಗ ಓಲೆಯ ಅಂಚಿನ ಉದ್ದಕ್ಕೂ ಕಪ್ಪು ಗೆರೆಯೊಂದು ಹರಿಯುತ್ತದೆ. ಆ ಕ್ಷಣ ಲೋಹ ಲೋಹವಾಗುತ್ತದೆ. ನನ್ನ ಎಲೆಯ ಓಲೆಯಲ್ಲಿ ಸುತ್ತಿಗೆಯ ಗುರುತುಗಳು ಮೊದಲ ಬಾರಿ ಕಂಡದ್ದು ಹೀಗೆಯೇ. ಎಷ್ಟೋ ದಿನ ಕೈಯಿಂದ ಬಡಿದು ಮಾಡಿದ ಕೆಲಸ ಒಂದು ಕಾಗದದ ಪಟ್ಟಿಯಿಂದ ಎದ್ದು ಬಂತು. ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಬಣ್ಣದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ರಾತ್ರಿ ಹಳದಿ ಬಲ್ಬಿನ ಕೆಳಗೆ ಮುತ್ತಿನ ಸರದ ಫೋಟೊ ತೆಗೆದಿದ್ದೆ. ಮುತ್ತು ಕೆನೆ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನೋಡಿಯೇ ಕೊಂಡವರ ಕೈಗೆ ಅಚ್ಚ ಬಿಳಿ ಮುತ್ತು ಹೋಯಿತು. ಸರ ವಾಪಸ್ ಬಂತು, ಬರಲೇಬೇಕಿತ್ತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ನಡುಹಗಲಿನ ಬೆಳಕು ಸುಮಾರು 5500. ಕಿಟಕಿಯ ಬೆಳಕನ್ನೂ ಬಲ್ಬನ್ನೂ ಬೆರೆಸಿದರೆ ಕ್ಯಾಮೆರಾಗೆ ಯಾವುದನ್ನು ಬಿಳಿ ಎನ್ನಬೇಕೋ ತಿಳಿಯುವುದಿಲ್ಲ. ಒಂದೇ ಬೆಳಕು ಸಾಕು. ಫ್ಲ್ಯಾಷ್ ಅಂತೂ ಬೇಡವೇ ಬೇಡ.

ಬಿಳಿ ಕಾಗದದ ಮೇಲಿಟ್ಟು ತೆಗೆದ ಫೋಟೊದಲ್ಲಿ ಕಾಗದ ಬೂದು ಬಣ್ಣಕ್ಕೆ ಬರುತ್ತದೆ ಎಂದು ಹಲವರು ಕೇಳುತ್ತಾರೆ. ಕ್ಯಾಮೆರಾದ ಲೆಕ್ಕವೇ ಹಾಗೆ. ತುಂಬಾ ಬಿಳಿ ಕಂಡರೆ ಬೆಳಕು ಜಾಸ್ತಿಯಾಯಿತು ಎಂದುಕೊಂಡು ಅದು ತಗ್ಗಿಸುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಒಡವೆಯ ಮೇಲೆ ಬೆರಳಿಟ್ಟು ಫೋಕಸ್ ಹಿಡಿದ ಮೇಲೆ ಬೆಳಕನ್ನು ಏರಿಸಲು ಬರುತ್ತದೆ. ಸ್ವಲ್ಪ ಏರಿಸಿ. ಫೋನನ್ನು ಒಡವೆಗೆ ತೀರಾ ಹತ್ತಿರ ತರಬೇಡಿ, ಮುಂದಿರುವ ಭಾಗ ಊದಿಕೊಂಡು ಕಾಣುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಇಟ್ಟು ತೆಗೆಯಿರಿ. ಸ್ಟ್ಯಾಂಡ್ ಮತ್ತು ಟೈಮರ್ ಬಳಸಿದರೆ ಕೈ ಅಲುಗುವುದಿಲ್ಲ. ಮತ್ತೆ, ಒಡವೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬರಿಗಣ್ಣಿಗೆ ಕಾಣದ ಬೆರಳಚ್ಚು ಫೋಟೊದಲ್ಲಿ ಹಳ್ಳದಷ್ಟು ದೊಡ್ಡದಾಗಿ ಕಾಣುತ್ತದೆ.

ಮೊದಲ ಫೋಟೊ ಯಾವುದಿರಬೇಕು? ಹುಡುಕಿದಾಗ ಬರುವ ಸಾಲಿನಲ್ಲಿ ಅದು ಅಂಚೆಚೀಟಿಯಷ್ಟೇ ಇರುತ್ತದೆ. ಅಷ್ಟು ಸಣ್ಣದು ಮಾಡಿ ನೋಡಿ. ಓಲೆ ಎಂದು ಗೊತ್ತಾಗುತ್ತದೆಯೇ? ಇಲ್ಲವಾದರೆ ಸುತ್ತಲಿನ ಹೂವು, ಬಟ್ಟೆ, ಅಲಂಕಾರ ತೆಗೆಯಿರಿ. ಅಮೆಜಾನ್‌ನಲ್ಲಿ ಮುಖ್ಯ ಫೋಟೊದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಚೌಕಟ್ಟಿನ 85 ಶೇಕಡಾ ಭಾಗವನ್ನು ವಸ್ತುವೇ ತುಂಬಬೇಕು ಎಂಬ ನಿಯಮವಿದೆ. ಬೇರೆ ಕಡೆ ಮಾರುವವರೂ ಆ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಷ್ಟವಿಲ್ಲ. ಉಳಿದ ಫೋಟೊಗಳಲ್ಲಿ ಓಲೆ ಕಿವಿಯಲ್ಲಿರಲಿ, ಇಲ್ಲದಿದ್ದರೆ ಗಾತ್ರ ಯಾರಿಗೂ ತಿಳಿಯದು. ಹಿಂಬದಿ, ಕೊಕ್ಕೆ, ಬೆಸುಗೆ ಹಾಕಿದ ಜಾಗ ಎಲ್ಲ ತೋರಿಸಿ. ಬೆಸುಗೆಯನ್ನು ಮುಚ್ಚಿಡಬೇಕಾದ ಕೆಲಸ ನಾವು ಮಾಡಿಲ್ಲವಲ್ಲ.

ಇನ್ನು ಹೆಸರಿನ ವಿಷಯ. ಈ ಓಲೆಗೆ ನಾನು 'ವನಸಿರಿ' ಎಂದು ಹೆಸರಿಟ್ಟಿದ್ದೆ. ಪ್ರೀತಿಯ ಹೆಸರು. ತಿಂಗಳುಗಟ್ಟಲೆ ಯಾರೂ ಆ ಪುಟಕ್ಕೆ ಬರಲಿಲ್ಲ. ಬರುವುದಾದರೂ ಹೇಗೆ? ವನಸಿರಿ ಎಂದು ಟೈಪ್ ಮಾಡಿ ಓಲೆ ಹುಡುಕುವವರು ಯಾರಿದ್ದಾರೆ? 'ಎಲೆ ಆಕಾರದ ಬೆಳ್ಳಿ ಓಲೆ' ಎಂದು ಹುಡುಕುತ್ತಾರೆ. ಹಾಗಾಗಿ ಆ ಮಾತು ಶೀರ್ಷಿಕೆಯ ಮೊದಲಿಗೆ ಬಂತು, ವನಸಿರಿ ಕೆಳಗೆ ವಿವರಣೆಗೆ ಹೋಯಿತು. ಹೆಸರು ಬಿಟ್ಟುಕೊಡಬೇಕಾಗಿಲ್ಲ, ಅದರ ಜಾಗ ಬದಲಿಸಿದರೆ ಸಾಕು.

ಆ ಮಾತುಗಳು ಸಿಗುವುದು ಎಲ್ಲಿ? ಸರ್ಚ್ ಬಾಕ್ಸ್‌ನಲ್ಲಿ ಎರಡು ಪದ ಟೈಪ್ ಮಾಡಿ ಸುಮ್ನೆ ನಿಲ್ಲಿ. ಕೆಳಗೆ ಇಳಿಯುವ ಸಾಲುಗಳು ಜನ ಹುಡುಕಿದ ಮಾತುಗಳೇ. ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿದೆ. ಗಿರಾಕಿಗಳು ನಿಮಗೆ ಬರೆದ ಸಂದೇಶಗಳು. "ಭಾರ ಇಲ್ಲದ ಓಲೆ ಇದೆಯಾ?" ಎಂದು ಮೂವರು ಕೇಳಿದ್ದರೆ, 'ಹಗುರ' ಎನ್ನುವ ಪದ ನಿಮ್ಮ ಪುಟದಲ್ಲಿ ಇರಲೇಬೇಕು. ಕೈಕೆಲಸದ ವಸ್ತುಗಳನ್ನು ಮಾರುವ ಎಟ್ಸಿ ಜಾಲತಾಣದಲ್ಲಿ ಶೀರ್ಷಿಕೆಗೆ 140 ಅಕ್ಷರಗಳವರೆಗೆ ಜಾಗವಿದೆ. ತುಂಬಿಸಲೇಬೇಕು ಎಂದೇನಿಲ್ಲ. ಟ್ಯಾಗ್, ಅಂದರೆ ಹುಡುಕುವವರಿಗೆ ಸಿಗಲೆಂದು ವಸ್ತುವಿಗೆ ಕೊಡುವ ಗುರುತಿನ ಪದ, 13 ಕೊಡಬಹುದು, ಒಂದೊಂದಕ್ಕೂ 20 ಅಕ್ಷರ. ಬರೀ 'ಓಲೆ' ಎಂದು ಒಂದು ಟ್ಯಾಗ್ ಹಾಳು ಮಾಡಬೇಡಿ. ಎರಡು ಮೂರು ಪದ ಕೂಡಿಸಿ, ಯಾವ ಓಲೆ ಎಂದು ಹೇಳಿ. ಸ್ವಂತ ವೆಬ್‌ಸೈಟ್ ಇರುವವರು ಹಳೆಯ ಮೆಟಾ ಕೀವರ್ಡ್ ಪಟ್ಟಿಗೆ, ಅಂದರೆ ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಬರೆದಿಡುವ ಪದಗಳ ಪಟ್ಟಿಗೆ, ಬೆವರು ಸುರಿಸಬೇಕಾಗಿಲ್ಲ. ತಾನು ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಜನ ಮಾತನ್ನಷ್ಟೇ ಅಲ್ಲ, ಚಿತ್ರವನ್ನೂ ಹುಡುಕುತ್ತಾರೆ. 2000ನೇ ಇಸವಿಯಲ್ಲಿ ಗಾಯಕಿ ಜೆನಿಫರ್ ಲೋಪೆಜ್ ಹಸಿರು ಉಡುಗೆಯೊಂದನ್ನು ತೊಟ್ಟು ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಬಂದರು. ಜನ ಮುಗಿಬಿದ್ದು ಗೂಗಲ್‌ನಲ್ಲಿ ಆ ಉಡುಗೆಯನ್ನು ಹುಡುಕಿದರು. ಅವರಿಗೆ ಸಿಕ್ಕಿದ್ದು ಬರೀ ಬರಹದ ಕೊಂಡಿಗಳು. ಗೂಗಲ್ ಚಿತ್ರಗಳ ಹುಡುಕಾಟ ಶುರು ಮಾಡಿದ್ದು ಮರುವರ್ಷ. ಅದಕ್ಕೆ ಈ ಉಡುಗೆಯೇ ಪ್ರೇರಣೆ ಎಂದು ಗೂಗಲ್ಲಿನ ಮುಖ್ಯಸ್ಥರಾಗಿದ್ದ ಎರಿಕ್ ಸ್ಮಿಟ್ ಮುಂದೆ ಬರೆದರು. ಇವತ್ತು ಯಂತ್ರ ಚಿತ್ರವನ್ನು ತಕ್ಕಮಟ್ಟಿಗೆ ಗುರುತಿಸುತ್ತದೆ. ಆದರೂ ಚಿತ್ರದ ಸುತ್ತಲಿನ ಮಾತನ್ನು ಅದು ಈಗಲೂ ಓದುತ್ತದೆ. ಫೈಲಿನ ಹೆಸರು ಬರೀ ಕ್ಯಾಮೆರಾ ಕೊಟ್ಟ ಅಂಕಿಯಾಗಿದ್ದರೆ ಅದರಿಂದ ಯಂತ್ರಕ್ಕೆ ಏನೂ ತಿಳಿಯದು. ಅಪ್‌ಲೋಡ್ ಮಾಡುವ ಮುಂಚೆ ಹೆಸರು ಬದಲಿಸಿ. ಫೈಲ್ ಭಾರವಿದ್ದರೆ ಕುಗ್ಗಿಸಿ, ಪುಟ ತೆರೆಯಲು ತಡವಾದರೆ ಬಂದವರು ಹೊರಟುಹೋಗುತ್ತಾರೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಆಲ್ಟ್ ಟೆಕ್ಸ್ಟ್. ಫೋಟೊದ ಜೊತೆ ನಾವು ಬರೆದಿಡುವ ಒಂದು ಸಾಲು ಅದು. ಕಣ್ಣು ಕಾಣದವರಿಗೆ ಅವರ ಫೋನಿನ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಸರ್ಚ್ ಯಂತ್ರವೂ ಅದನ್ನೇ ಓದುತ್ತದೆ. ಕೆಲವರು ಅಲ್ಲಿ ಓಲೆ, ಚಂದದ ಓಲೆ, ಬೆಳ್ಳಿ ಓಲೆ ಎಂದು ಪದ ತುರುಕುತ್ತಾರೆ. ಅದನ್ನು ಕಿವಿಯಲ್ಲಿ ಕೇಳಿಸಿಕೊಳ್ಳುವವರನ್ನು ಒಮ್ಮೆ ನೆನೆಸಿಕೊಳ್ಳಿ. ಅವರಿಗೂ ಓಲೆ ಹಾಕಿಕೊಳ್ಳುವ ಆಸೆ ಇದೆ, ಯಾರಿಗಾದರೂ ಉಡುಗೊರೆ ಕೊಡುವ ಆಸೆ ಇದೆ. ಬೆಳ್ಳಿ ಎಂದರೆ 925 ಬೆಳ್ಳಿಯೇ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿಯೇ, ಅಥವಾ ಬೆಳ್ಳಿ ಲೇಪವೇ ಎಂದು ವಿವರಣೆಯಲ್ಲಿ ಅವರಿಗೂ ನೇರವಾಗಿ ತಿಳಿಯಬೇಕು.

ಈ ಓಲೆಗೆ ನಿನ್ನೆ ರಾತ್ರಿ ಕೂತು ಆ ಸಾಲು ಬರೆದೆ. ಓದುತ್ತೇನೆ: "ಎಲೆ ಆಕಾರದ ಬೆಳ್ಳಿ ಓಲೆಗಳ ಜೋಡಿ, ಮೈಮೇಲೆ ಸುತ್ತಿಗೆಯ ಗುರುತು, ತುದಿಯಲ್ಲಿ ತೂಗುವ ಸಣ್ಣ ಹಸಿರು ಹರಳು, ಹಿಂದೆ ಕೊಕ್ಕೆ."

ನಮಸ್ಕಾರ.