ದುಡ್ಡು ಕೊಡದೆ ಕೂರೋಕೆ ಒಂದು ಜಾಗ ಬೇಕು

ನಮಸ್ಕಾರ ದಾವಣಗೆರೆ. ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಿಂದ ನೋಡುತ್ತಿರುವ ಎಲ್ಲರಿಗೂ ನಮಸ್ಕಾರ.

ಹೋದ ವಾರದ ವಿಡಿಯೋದಲ್ಲಿ ಒಂದು ಮಾತು ಹೇಳಿದ್ದೆ. ಮಂಡಿಪೇಟೆ, ಅಶೋಕ ರಸ್ತೆ, ಪಿ.ಬಿ. ರಸ್ತೆಯಲ್ಲಿ ನಡೆಯುವವರಿಗೆ ಅಲ್ಲಲ್ಲಿ ಕೂರೋಕೆ ಬೆಂಚು ಬೇಕು ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಬೆಂಚು ಹಾಕಿದರೆ ಪೋಲಿಗಳು ಬಂದು ಕೂರುತ್ತಾರೆ. ಕೆಲಸ ಇದ್ದವರು ಯಾರೂ ರಸ್ತೆಯಲ್ಲಿ ಕೂರಲ್ಲ." ಅದಕ್ಕೆ ಬೇಕಾದಷ್ಟು ಲೈಕು ಬೇರೆ ಬಂದಿದೆ. ಓದಿ ನನಗೆ ಸಿಟ್ಟು ಬಂತು. ಆದ್ದರಿಂದ ಇವತ್ತಿನ ಇಡೀ ಸಂಚಿಕೆ ಈ ಒಂದೇ ವಿಷಯಕ್ಕೆ. ಊರಿನಲ್ಲಿ ದುಡ್ಡು ಕೊಡದೆ ಕೂರೋಕೆ ಜಾಗ ಬೇಕು.

ಕೆಲಸ ಇದ್ದವರು ಕೂರಲ್ಲ ಅಂತೀರಲ್ಲ, ಮಧ್ಯಾಹ್ನ ಒಂದು ಗಂಟೆಗೆ ಪೇಟೆಗೆ ಬಂದು ನೋಡಿ. ಬೆಳಗಿನಿಂದ ಮೂಟೆ ಹೊತ್ತ ಹಮಾಲಿ ಅಣ್ಣಂದಿರು ಖಾಲಿ ಗಾಡಿಯ ಮೇಲೆಯೇ ಕೂತು ಊಟ ಮಾಡುತ್ತಾರೆ. ನಸುಕಿನಲ್ಲೇ ಎದ್ದು ಬೀದಿ ಗುಡಿಸಿದ ಅಕ್ಕಂದಿರು ಗೋಡೆ ನೆರಳು ಹುಡುಕಿ, ನೆಲದ ಮೇಲೆ ಡಬ್ಬಿ ಬಿಚ್ಚುತ್ತಾರೆ. ಇವರಿಗೆ ಕೆಲಸ ಇಲ್ವಾ? ಈ ಊರಿನಲ್ಲಿ ಇವರಿಗಿಂತ ಜಾಸ್ತಿ ಕೆಲಸ ಮಾಡುವವರು ಯಾರಿದ್ದಾರೆ ಹೇಳಿ.

ಮೊನ್ನೆ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಅಂಗಡಿ ಹೆಸರು ಹೇಳಲ್ಲ. ಹಳ್ಳಿಯಿಂದ ಬಂದ ಒಬ್ಬ ಅಜ್ಜಿ, ಕೈಯಲ್ಲಿ ಔಷಧಿ ಚೀಟಿ, ಕಂಕುಳಲ್ಲಿ ಚೀಲ. ಮಂಡಿ ನೋವು ಅನ್ನೋದು ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು. ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತರು. ಒಳಗಿಂದ ಹುಡುಗ ಬಂದು, "ಅಜ್ಜೀ, ಮ್ಯಾಲೇಳು, ಗಿರಾಕಿ ಬರ್ತಾರೆ" ಅಂದ. ಅಜ್ಜಿ ಗೋಡೆ ಹಿಡಿದು ಎದ್ದು, ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಯಾರೂ ಕೂರಬಾರದು ಅಂತಲೇ ಮೆಟ್ಟಿಲ ಅಂಚಿಗೆ ಕಬ್ಬಿಣದ ಮುಳ್ಳು ಹಾಕಿಸಿದ್ದಾರೆ. ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನಿಗೆ ಸಾಹುಕಾರರು ಹೇಳಿದ್ದಾರೆ, ಅವನು ಹೇಳಿದ. ಆದರೆ ಆ ರಸ್ತೆಯಲ್ಲಿ ಆ ಅಜ್ಜಿಗೆ ನ್ಯಾಯವಾಗಿ ಕೂರೋಕೆ ಬರುವ ಒಂದು ಅಡಿ ಜಾಗವೂ ಇರಲಿಲ್ಲ.

ನಮ್ಮದು ಎಂಥ ಊರು ಯೋಚನೆ ಮಾಡಿ. ಎರಡು ಮೆಡಿಕಲ್ ಕಾಲೇಜು ಇರುವ ಊರು. ಸುತ್ತಲಿನ ತಾಲ್ಲೂಕುಗಳಿಂದ ದಿನವೂ ರೋಗಿಗಳು ಬರುತ್ತಾರೆ. ರೋಗಿಗೆ ಮಂಚ ಸಿಗುತ್ತದೆ. ಜೊತೆಗೆ ಬಂದ ಅಮ್ಮ, ಅಣ್ಣ, ಹೆಂಡತಿ ಎಲ್ಲಿ ಕೂರಬೇಕು? ರಿಪೋರ್ಟು ಸಂಜೆ ನಾಲ್ಕಕ್ಕೆ ಬರುತ್ತದೆ ಅಂದರೆ ಅಲ್ಲಿಯವರೆಗೆ ಹೊತ್ತು ಕಳೆಯೋದು ಎಲ್ಲಿ? ಹೋಟೆಲಿನಲ್ಲಿ ಕೂರೋಣ ಅಂದರೆ ತಿನ್ನಬೇಕು. ನಮ್ಮ ಬೆಣ್ಣೆ ದೋಸೆ ಹೋಟೆಲುಗಳು ನಿಮಗೆ ಗೊತ್ತೇ ಇದೆ. ನೀವು ಕೊನೆಯ ತುತ್ತು ಬಾಯಿಗಿಡುವ ಮೊದಲೇ ಕುರ್ಚಿ ಹಿಂದೆ ಇನ್ನೊಬ್ಬರು ಬಂದು ನಿಂತಿರುತ್ತಾರೆ. ಅದು ತಪ್ಪಲ್ಲ, ಅವರದು ವ್ಯಾಪಾರ. ಅದಕ್ಕೇ ಹೇಳುತ್ತಿರೋದು, ವ್ಯಾಪಾರಕ್ಕೆ ಸಂಬಂಧ ಇಲ್ಲದ ಜಾಗ ಬೇಕು. ದುಡ್ಡು ಕೊಡದೆ ಕೂರೋಕೆ ಜಾಗ ಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಗಂಡಸರಿಗೆ ಟೀ ಅಂಗಡಿ ಇದೆ. ಒಂದು ಅರ್ಧ ಚಹಾ ತಗೊಂಡು ಗಂಟೆಗಟ್ಟಲೆ ರಾಜಕೀಯ ಮಾತಾಡಬಹುದು, ಯಾರೂ ಏನೂ ಅನ್ನಲ್ಲ. ಅದೇ ಟೀ ಅಂಗಡಿ ಮುಂದೆ ಒಬ್ಬ ಹೆಣ್ಣುಮಗಳು ಒಬ್ಬಳೇ ಅರ್ಧ ಗಂಟೆ ಕೂತರೆ ಎಷ್ಟು ಕಣ್ಣು ಅವಳ ಮೇಲೆ! ಹೀಗಾಗಿ ಹೆಂಗಸರು ಪೇಟೆಗೆ ಬರುತ್ತಾರೆ, ಕೆಲಸ ಮುಗಿಸುತ್ತಾರೆ, ಓಡುತ್ತಾರೆ. ತುಂಬು ಬಸುರಿ ಆದರೂ ನಿಂತೇ ಇರುತ್ತಾಳೆ. ನೋಡುತ್ತಿರುವ ಅಕ್ಕಂದಿರೇ, ತಂಗಿಯರೇ, ಇದು ಸುಳ್ಳಾದರೆ ಹೇಳಿ.

ಈಗ ಪೋಲಿಗಳ ಮಾತು. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಇದೇ ಮಾತು ಬಹಳ ಹಿಂದೆಯೇ ಬಂದಿತ್ತು. 1961ರಲ್ಲಿ ಅಲ್ಲಿ ಒಂದು ನಿಯಮ ಬಂತು. ದೊಡ್ಡ ಕಟ್ಟಡ ಕಟ್ಟುವವರು ಮುಂದೆ ಜನರಿಗೆ ಅಂಗಳ ಬಿಟ್ಟರೆ ಹೆಚ್ಚು ಮಹಡಿ ಕಟ್ಟಬಹುದು. ಅಂಗಳವೇನೋ ಬಿಟ್ಟರು. ಆದರೆ ಬಹಳ ಕಡೆ ಅವು ಬಣಗುಡುತ್ತಿದ್ದವು. ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು, ಯಾವ ಅಂಗಳ ತುಂಬುತ್ತದೆ, ಯಾವುದು ಖಾಲಿ ಬೀಳುತ್ತದೆ ಅಂತ ಕೂತು ನೋಡಿದರು. ಕೂರೋಕೆ ಜಾಗ ಇದ್ದ ಕಡೆ ಜನ ತುಂಬುತ್ತಿದ್ದರು. ಚೆನ್ನಾಗಿ ತುಂಬುವ ಜಾಗಗಳಲ್ಲಿ ಹೆಂಗಸರ ಪಾಲೂ ಜಾಸ್ತಿ ಇತ್ತು. ಪೋಲಿಗಳ ಭಯಕ್ಕೆ ಅವರು ಹೇಳಿದ ಮದ್ದು ಕೂಡ ಇದೇ, ಎಲ್ಲರೂ ಬಂದು ಕೂರುವ ಹಾಗೆ ಮಾಡಿ. 1975ರಲ್ಲಿ ಅಲ್ಲಿನ ನಿಯಮವೇ ಬದಲಾಯಿತು. ಅಂಗಳದ ಪ್ರತಿ 30 ಚದರ ಅಡಿಗೆ 1 ಅಡಿ ಉದ್ದದ ಆಸನ ಇರಲೇಬೇಕು ಅಂತ. ಅಂದರೆ ಕೂರೋಕೆ ಜಾಗ ಕೊಡೋದನ್ನು ಕಾನೂನಿನಲ್ಲೇ ಬರೆಯಬಹುದು. ಆಗದ ಕೆಲಸವೇನಲ್ಲ.

ಹಾಗಾದರೆ ಬೆಂಚಿಲ್ಲದ ಕತ್ತಲ ಮೂಲೆಯಲ್ಲಿ ಪೋಲಿಗಳು ಇಲ್ವಾ? ಅಲ್ಲೇ ಇರೋದು! ಅಜ್ಜ ಅಜ್ಜಿ, ಮಕ್ಕಳು, ಕಡ್ಲೆಕಾಯಿ ಮಾರುವವರು ಇರುವ ಕಡೆ ಅವರ ಆಟ ನಡೆಯಲ್ಲ. ಈ ವಾದ ಇಲ್ಲಿಗೆ ಮುಗೀತು.

ಇನ್ನೊಬ್ಬರು ಬರೆದಿದ್ದಾರೆ, "ಹಳ್ಳಿಯ ಅರಳಿಕಟ್ಟೆ, ಮನೆ ಮುಂದಿನ ಜಗಲಿ, ಅದೆಲ್ಲ ಹೋಯ್ತು, ಅದಕ್ಕೇ ಹೀಗೆ" ಅಂತ. ನಿಮ್ಮ ಮಾತಿನಲ್ಲಿ ಪ್ರೀತಿ ಇದೆ ಸಾರ್. ಆದರೆ ಒಂದು ಕೇಳುತ್ತೇನೆ. ಆ ಕಟ್ಟೆಯ ಮೇಲೆ ಎಲ್ಲರೂ ಕೂರಬಹುದಿತ್ತಾ? ಎಷ್ಟೋ ಊರುಗಳಲ್ಲಿ ಕಟ್ಟೆಯ ಮೇಲೆ ಕೂರುವ ಜಾತಿ ಬೇರೆ, ದೂರ ನಿಲ್ಲುವ ಜಾತಿ ಬೇರೆ. ಕೇರಿಯವರು ಜಗಲಿ ಹತ್ತುವ ಹಾಗಿರಲಿಲ್ಲ. ಹೆಂಗಸರಂತೂ ಪಂಚಾಯಿತಿ ಕಟ್ಟೆ ಹತ್ತಿರ ಸುಳಿಯುವ ಹಾಗಿರಲಿಲ್ಲ. ಅದಕ್ಕೇ ನನಗೆ ಪಾಲಿಕೆಯ ಬೆಂಚು ದೊಡ್ಡದಾಗಿ ಕಾಣುತ್ತದೆ. ಅದು ತೆರಿಗೆ ದುಡ್ಡಿನ ಕಲ್ಲು. ಅಲ್ಲಿ ಯಾರೂ ಯಾರನ್ನೂ ಮ್ಯಾಲೇಳು ಅನ್ನೋ ಹಾಗಿಲ್ಲ. ಆಜಾದ್ ನಗರದ ಅಜ್ಜನೂ ವಿದ್ಯಾನಗರದ ಅಜ್ಜನೂ ಪಕ್ಕ ಪಕ್ಕ ಕೂತು ಸಕ್ಕರೆ ಕಾಯಿಲೆ ಬಗ್ಗೆ ಮಾತಾಡುವ ಜಾಗ ಈ ಊರಿನಲ್ಲಿ ಎಷ್ಟಿದೆ? ಮಂಗಳಮುಖಿಯರು ನೆಮ್ಮದಿಯಾಗಿ ಕೂತು ನೀರು ಕುಡಿಯುವ ಜಾಗ ಎಷ್ಟಿದೆ? ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಇರುವ ಕಾಲೇಜು ಹುಡುಗರಿಗೆ?

ಒಂಟಿತನದ ಬಗ್ಗೆ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಮಾತಾಡುತ್ತಿದೆ. 2025ರ ಜೂನ್‌ನಲ್ಲಿ ಬಂದ ಅವರ ವರದಿ ಪ್ರಕಾರ ಪ್ರಪಂಚದಲ್ಲಿ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ 8,71,000 ಸಾವುಗಳಿಗೆ ಅದರ ನಂಟಿದೆ. ಜನ ಸೇರುವ ಪಾರ್ಕು, ಲೈಬ್ರರಿಗಳನ್ನು ಬಲಪಡಿಸಿ ಅಂತ ಅವರೇ ಹೇಳುತ್ತಾರೆ.

ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಅನ್ನುವ ಮನೋವೈದ್ಯರು 2006ರಲ್ಲಿ ಏನು ಮಾಡಿದರು ಗೊತ್ತಾ? ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ದೇಶ. ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಅಜ್ಜಿ ಪಕ್ಕ ಕೂತು ಮಾತಾಡಬೇಕು. ಆಮೇಲೆ 573 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೆ ನೋಡಿದರೆ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಬೆಂಚಿನ ಅಜ್ಜಿಯರ ಜೊತೆ ಮಾತಾಡಿದವರು ಚೆನ್ನಾಗಿದ್ದರು. ಅದಕ್ಕೆ ತರಬೇತಿ ಕಾರಣ, ಬೆಂಚಲ್ಲ ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಸರಿ, ಅವರನ್ನು ನಿಲ್ಲಿಸಿಕೊಂಡು ಮಾತಾಡಿಸಿ ನೋಡಿ! ದುಃಖ ಹೇಳಿಕೊಳ್ಳೋಕೆ ಮೊದಲು ಕೂರಬೇಕು.

ಅಂದಹಾಗೆ ಸಬ್‌ಸ್ಕ್ರೈಬ್ ಆಗದೇ ನೋಡುತ್ತಿರುವವರು ದಯವಿಟ್ಟು ಆಗಿ. ನಮ್ಮ ಊರಿನ ಬಗ್ಗೆ ನಾವೇ ಮಾತಾಡದಿದ್ದರೆ ಬೆಂಗಳೂರಿನವರು ಬಂದು ಮಾತಾಡಲ್ಲ. ಮುಂದಿನ ವಾರ ಮಂಡಕ್ಕಿ ಭಟ್ಟಿಯ ಕೆಲಸಗಾರರ ಜೊತೆ ಮಾತುಕತೆ ಇದೆ, ತಪ್ಪಿಸಬೇಡಿ.

ಎಲ್ಲಿದ್ದೆ? ಹಾಂ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂತು. ಕರ್ನಾಟಕದಿಂದ ಎರಡೇ ಊರು, ಬೆಳಗಾವಿ ಮತ್ತು ನಾವು. ಅವತ್ತು ನನಗೂ ಹೆಮ್ಮೆ ಆಗಿತ್ತು, ಈಗಲೂ ಇದೆ. ಆ ಹೆಮ್ಮೆ ಇರೋದಕ್ಕೇ ಕೇಳುತ್ತಿದ್ದೇನೆ. ಕುಂದವಾಡ ಕೆರೆ ಏರಿ ಚೆನ್ನಾಗಿದೆ, ಗಾಜಿನ ಮನೆ ಚೆನ್ನಾಗಿದೆ. ಆದರೆ ಮಂಡಿ ನೋವಿನ ಅಜ್ಜಿ ಪೇಟೆಯಿಂದ ಕೆರೆಗೆ ಹೋಗಿ ಕೂತು ಬರೋಕಾಗುತ್ತಾ? ಅವರು ಇರುವ ಕಡೆ ಬೆಂಚು ಬೇಕು. ಪೇಟೆಯಲ್ಲೇ ಬೇಕು!

ಹಾಕುವುದಾದರೆ ಸ್ಟೀಲಿನದು ಹಾಕಬೇಡಿ ದಯವಿಟ್ಟು. ಏಪ್ರಿಲ್‌ನಲ್ಲಿ 38, 39 ಡಿಗ್ರಿ ಬಿಸಿಲು. ಆ ಬಿಸಿಲಿಗೆ ಸ್ಟೀಲು ದೋಸೆ ಹಂಚಿನ ಹಾಗೆ ಕಾಯುತ್ತದೆ. ಎರಡು ಗಟ್ಟಿ ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಹಾಕಿ, ಪಕ್ಕದಲ್ಲಿ ಹೊಂಗೆಯೋ ಬೇವೋ ನೆಡಿ. ಒರಗೋಕೆ ಬೆನ್ನು ಇರಲಿ. ಹಿಡಿದು ಏಳೋಕೆ ಪಕ್ಕದಲ್ಲಿ ಹಿಡಿಕೆ ಇರಲಿ, ಮಂಡಿ ನೋವಿದ್ದವರಿಗೆ ಅದು ಬಹಳ ಮುಖ್ಯ. ವೀಲ್‌ಚೇರಿನವರು ಪಕ್ಕಕ್ಕೆ ಬಂದು ನಿಲ್ಲುವಷ್ಟು ಖಾಲಿ ಜಾಗ ಬಿಡಿ.

ಫುಟ್‌ಪಾತ್ ಸಣ್ಣದು ಅಂತೀರಾ? ಬೈಕು ನಿಲ್ಲಿಸೋಕೆ ಸಾಲುತ್ತೆ, ಬೋರ್ಡು ಇಡೋಕೆ ಸಾಲುತ್ತೆ, ಮನುಷ್ಯ ಕೂರೋಕೆ ಮಾತ್ರ ಸಾಲಲ್ವಾ? ಬೇಡ, ನನಗೆ ಯಾವ ಕಾರಣವೂ ಬೇಡ. ಬೆಂಚು ಹಾಕಿ. ದುಡ್ಡು ಕೊಡದೆ ಕೂರೋಕೆ ಜಾಗ ಕೊಡಿ, ಕೊಡಿ, ಕೊಡಿ!

ನೀವೆಲ್ಲ ಒಂದು ಕೆಲಸ ಮಾಡಬೇಕು. ಈ ಭಾನುವಾರ ರೈಲ್ವೆ ಸ್ಟೇಷನ್‌ನಿಂದ ಗಾಂಧಿ ಸರ್ಕಲ್ ಕಡೆ, ಅಲ್ಲಿಂದ ಪೇಟೆ ಒಳಗೆ ನಡೆಯಿರಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅವರಿಗೆ ಎಲ್ಲಿ ಕೂರಬೇಕು ಅನಿಸಿತೋ ಆ ಜಾಗವನ್ನು ಕಾಮೆಂಟಿನಲ್ಲಿ ಬರೆಯಿರಿ. ಹತ್ತಿರದ ಸರ್ಕಲ್ಲೋ ಗುಡಿಯೋ ಯಾವುದಾದರೂ ಗುರುತು ಹಾಕಿ. ಎಲ್ಲವನ್ನೂ ಪಟ್ಟಿ ಮಾಡಿ ಪಾಲಿಕೆಗೆ ನಾನೇ ಹೋಗಿ ಕೊಡುತ್ತೇನೆ. ಅಂಗಡಿಯವರು ಯಾರಾದರೂ ತಮ್ಮ ಮುಂದೆ ಒಂದು ಚಪ್ಪಡಿ ಹಾಕಿಸಿದರೆ ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಅಂಗಡಿಯನ್ನು ದುಡ್ಡಿಲ್ಲದೆ ತೋರಿಸುತ್ತೇನೆ.